ಕಾಫಿ ಊರಲ್ಲಿ ಅಂಟಿಸಿದ ಹಲ್ಲು

ಬೆಳಗ್ಗೆ ಆರೂವರೆ. ಇದು ನಮ್ಮ ಮನೆ ಹಿಂದಿನ ಕಣ. ಚಿಕ್ಕಮಗಳೂರಿನಿಂದ ಆಲ್ದೂರು ಕಡೆ ಅರ್ಧ ಗಂಟೆ ದಾರಿ. ಈಗ ಇಲ್ಲಿ ಅರೇಬಿಕಾ ಕಾಫಿ ಹರಡಿದ್ದೇವೆ, ಮಂಜು ಇನ್ನೂ ಕರಗಿಲ್ಲ.

ಆ ಮೂಲೆ ಕಟ್ಟೆ ಕಾಣುತ್ತಿದೆಯಾ? ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಪಾಚಿ ಮೇಲೆ ಕಾಲಿಟ್ಟು ಜಾರಿದೆ. ಬಾಯಿ ನೇರ ಅಲ್ಲಿಗೇ ಬಡಿಯಿತು. ಮುಂದಿನ ಎರಡು ಹಲ್ಲಿನ ತುದಿ ಹೋಯಿತು. ಪುಣ್ಯಕ್ಕೆ ನರದ ತನಕ ಹೋಗಿರಲಿಲ್ಲ. ಪೇಟೆಯ ಡಾಕ್ಟ್ರಮ್ಮ ಒಂದೇ ಸಲಕ್ಕೆ ಬಾಂಡಿಂಗ್ ಮಾಡಿಕೊಟ್ಟರು. ಹಲ್ಲಿನ ಬಣ್ಣದ ಅಂಟನ್ನು ಪದರ ಪದರವಾಗಿ ಕೂರಿಸಿ, ನೀಲಿ ಲೈಟು ಹಿಡಿದು ಗಟ್ಟಿ ಮಾಡುವುದು. ಆ ಅಂಟನ್ನು ಕಾಂಪೋಸಿಟ್ ಅನ್ನುತ್ತಾರೆ. ಮನೆಗೆ ಬಂದು ಕನ್ನಡಿ ನೋಡಿದರೆ ಯಾವುದು ನನ್ನದು, ಯಾವುದು ಅವರದ್ದು ಅಂತ ನನಗೇ ಗೊತ್ತಾಗಲಿಲ್ಲ.

ಮುಗಿಯಿತು ಅಂದುಕೊಂಡೆ. ಒಂದು ವರ್ಷ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಈಗ ತೋರಿಸುತ್ತಿರುವುದು ಹಳೇ ವಿಡಿಯೋ. ಮುಳ್ಳಯ್ಯನಗಿರಿಗೆ ಹೋದಾಗ ತೆಗೆದದ್ದು. ಎಡಿಟ್ ಮಾಡುವಾಗ ಸುಮ್ನೆ ಝೂಮ್ ಮಾಡಿದೆ. ನೋಡಿ, ಎಡಗಡೆ ಹಲ್ಲಿನ ನಡುವೆ ಅಡ್ಡಕ್ಕೆ ಒಂದು ಕಂದು ಗೆರೆ. ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ. ಅಂಟಿಸಿದ ಭಾಗ ನನ್ನ ಹಲ್ಲನ್ನು ಸೇರುವ ಜಾಗ ಅದು. ಗೆರೆಯ ಕೆಳಗೆಲ್ಲಾ ಸ್ವಲ್ಪ ಹಳದಿ. ಅವತ್ತು ರಾತ್ರಿ ವಿಡಿಯೋನೂ ಹಾಕಲಿಲ್ಲ, ಊಟನೂ ಸೇರಲಿಲ್ಲ.

ಆಮೇಲೆ ಮಾಡಿದ ಕೆಲಸ ಹೇಳೋಕೆ ನಾಚಿಕೆ. ಆನ್‌ಲೈನಲ್ಲಿ ಇದ್ದಿಲು ಪುಡಿ ತರಿಸಿ ಹತ್ತು ದಿನ ಗಸಗಸ ಉಜ್ಜಿದೆ. ಗೆರೆ ಅಲ್ಲೇ ಇತ್ತು, ಹೊಳಪು ಮಾತ್ರ ಹೋಯಿತು. ಕಾಂಪೋಸಿಟ್ ಅನ್ನೋದು ನಿಜವಾದ ಹಲ್ಲಿನ ಗಟ್ಟಿ ಹೊರಪದರಕ್ಕಿಂತ, ಅಂದರೆ ಎನಾಮೆಲ್‌ಗಿಂತ, ಮೆತ್ತಗೆ. ಒರಟು ಪುಡಿ ತಾಗಿದರೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಕಾಫಿ ಕೂರುತ್ತದೆ. ಅಂದರೆ ಕಲೆ ತೆಗೆಯಲು ಹೋಗಿ ಕಲೆಗೆ ಮನೆ ಕಟ್ಟಿಕೊಟ್ಟೆ. ಉಪ್ಪು, ಬೂದಿ, ಎರಡರ ಕಥೆಯೂ ಹೆಚ್ಚುಕಡಿಮೆ ಇದೇ.

ಡಾಕ್ಟ್ರಮ್ಮನ ಹತ್ತಿರ ಹೋದರೆ ಬೈಯಲಿಲ್ಲ, ನಕ್ಕರು. "ದಿನಕ್ಕೆ ಎಷ್ಟು ಕಾಫಿ ಅಮ್ಮಾ?" ಅಂತ ಕೇಳಿದರು. ಐದು ಅಂದೆ. ಆರೂ ಇರಬಹುದು. ಬಾಬಾ ಬುಡನ್ ಯೆಮೆನ್‌ನಿಂದ 7 ಬೀಜ ತಂದು ಈ ಗಿರಿಯಲ್ಲೇ ನೆಟ್ಟರು ಅಂತ ಹೇಳುತ್ತಾರೆ, 17ನೇ ಶತಮಾನದ ಮಾತು. ಅಂಥ ಊರಲ್ಲಿ ಹುಟ್ಟಿ ಕಾಫಿ ಬಿಡು ಅಂದರೆ ಹೇಗೆ?

ಬಿಡಿ ಅಂತ ಅವರೂ ಹೇಳಲಿಲ್ಲ. ತೊಂದರೆ ಕಪ್ಪಿನ ಲೆಕ್ಕಕ್ಕಿಂತ ಕುಡಿಯುವ ರೀತಿಯಲ್ಲಿ ಇತ್ತು. ನಾನು ಲ್ಯಾಪ್‌ಟಾಪ್ ಮುಂದೆ ಒಂದು ಲೋಟ ಇಟ್ಟುಕೊಂಡು ಒಂದೂವರೆ ಗಂಟೆ ಗುಟುಕು ಗುಟುಕಾಗಿ ಕುಡಿಯುವವಳು. ಅಷ್ಟು ಹೊತ್ತೂ ಹಲ್ಲು ಕಾಫಿಯಲ್ಲೇ ನೆನೆಯುತ್ತದೆ. ಈಗ ಬಿಸಿ ಬಿಸಿ ಹತ್ತು ನಿಮಿಷದಲ್ಲಿ ಮುಗಿಸುತ್ತೇನೆ, ಆಮೇಲೆ ಒಂದು ಗುಟುಕು ನೀರು ಮುಕ್ಕಳಿಸುತ್ತೇನೆ. ಅಷ್ಟೇ. ಮಧ್ಯೆ ಒಂದು ವಾರ ಸ್ಟೀಲ್ ಲೋಟಕ್ಕೆ ಸ್ಟ್ರಾ ಹಾಕಿಯೂ ಕುಡಿದೆ. ಅಜ್ಜಿ ನೋಡಿ, "ಏನೇ ಕೂಸೇ, ಎಳನೀರಾ ಅದು?" ಅಂದರು. ನಾಲಿಗೆ ಸುಟ್ಟಿದ್ದು ಬಿಟ್ಟರೆ ಇನ್ನೇನೂ ಲಾಭ ಆಗಲಿಲ್ಲ.

ಕಾಫಿ ಒಂದೇ ಅಲ್ಲ. ಅರಿಶಿನ ಜಾಸ್ತಿ ಹಾಕಿದ ಸಾರು, ಟೀ, ಎಲೆಯಡಿಕೆ, ಸಿಗರೇಟು, ಎಲ್ಲವೂ ಕಾಂಪೋಸಿಟ್‌ಗೆ ಬಣ್ಣ ಹಿಡಿಸುತ್ತವೆ. ನಂಜು ಕೊಲ್ಲುತ್ತೆ ಅಂತ ಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೂಡ. ವಾರಗಟ್ಟಲೆ ಬಳಸಿದರೆ ಕಂದು ಕಲೆ ಬರುತ್ತದೆ, ಡಾಕ್ಟರು ಹೇಳಿದಷ್ಟು ದಿನ ಮಾತ್ರ ಬಳಸಿ.

ಆ ಗೆರೆ? ಸಣ್ಣ ಮರಳು ಕಾಗದದಂಥ ಬಿಲ್ಲೆ ತಿರುಗಿಸಿ, ಆಮೇಲೆ ಪೇಸ್ಟ್ ಹಾಕಿ ಪಾಲಿಶ್ ಮಾಡಿದರು. ಕಾಲು ಗಂಟೆ ಹಿಡಿಯಿತು. ಗೆರೆ ಮುಕ್ಕಾಲು ಪಾಲು ಹೋಯಿತು, ಹೊಳಪು ವಾಪಸ್ ಬಂತು.

ಬ್ಲೀಚ್ ಮಾಡಿಸಿಬಿಡಲಾ ಅಂತಲೂ ಕೇಳಿದ್ದೆ. ಇದು ನನಗೆ ಗೊತ್ತೇ ಇರಲಿಲ್ಲ: ಬ್ಲೀಚ್‌ಗೆ ಬೆಳ್ಳಗಾಗುವುದು ನಿಜವಾದ ಹಲ್ಲು ಮಾತ್ರ. ಅಂಟಿಸಿದ್ದು ಇದ್ದ ಬಣ್ಣದಲ್ಲೇ ಇರುತ್ತದೆ. ಸುತ್ತ ಹಲ್ಲೆಲ್ಲಾ ಬೆಳ್ಳಗಾಗಿ ನಡುವಿನ ಎರಡು ಮಾತ್ರ ಹಳದಿ ಉಳಿದರೆ ಹೇಗಿರುತ್ತೆ, ಯೋಚಿಸಿ. ಬೆಳ್ಳಗೆ ಬೇಕು ಅನ್ನುವವರು ಮೊದಲು ಬ್ಲೀಚ್ ಮಾಡಿಸಿಕೊಂಡು, ಎರಡು ವಾರ ಬಿಟ್ಟು, ಆ ಬಣ್ಣಕ್ಕೆ ಹೊಂದುವ ಹಾಗೆ ಬಾಂಡಿಂಗ್ ಮಾಡಿಸಬೇಕು. ಹಾಸನದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಮದುವೆಗೆ ಮುಂಚೆ ಪಿಂಗಾಣಿ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಹಾಕಿಸಿಕೊಂಡಳು, ಅದಕ್ಕೂ ಇದೇ ಮಾತು. ಪಿಂಗಾಣಿಗೆ ಕಾಫಿ ಕಲೆ ಅಷ್ಟಾಗಿ ಹಿಡಿಯುವುದಿಲ್ಲ, ಬಾಳಿಕೆಯೂ ಜಾಸ್ತಿ, ಹತ್ತು ಹದಿನೈದು ವರ್ಷ ಬರುತ್ತದೆ. ನನ್ನದು ಐದಾರು ವರ್ಷ ಬಂದರೆ ಸಾಕು. ಆದರೆ ಅವಳ ಹಲ್ಲಿನ ಎನಾಮೆಲ್ ತೆಳುವಾಗಿ ತೆಗೆದಿದ್ದಾರೆ, ಅದು ಮತ್ತೆ ಬೆಳೆಯುವುದಿಲ್ಲ. ವೆನೀರ್ ಚೂರು ಮುರಿದರೂ ಸಾಮಾನ್ಯವಾಗಿ ಪೂರ್ತಿ ಹೊಸದೇ ಹಾಕಬೇಕು. ನನ್ನದಕ್ಕೆ ತೇಪೆ ಹಚ್ಚಬಹುದು.

ತೇಪೆ ಹಚ್ಚಿಸಿಯೂ ಆಗಿದೆ. ಸ್ನಾನದ ಮಧ್ಯೆ, ಕೈಯೆಲ್ಲಾ ಒದ್ದೆ, ಶಾಂಪೂ ಪ್ಯಾಕೆಟ್ ಹರಿಯುತ್ತಿಲ್ಲ. ಹಲ್ಲಿಗೆ ಕೊಟ್ಟೆ. ಟಕ್ ಅಂತು. ಸಾಸಿವೆ ಕಾಳಿಗಿಂತ ಚಿಕ್ಕ ಚೂರು. ಆದರೆ ನಾಲಿಗೆಗೆ ಅದು ದೊಡ್ಡ ಗುಂಡಿ. ಎರಡು ದಿನ ನಾಲಿಗೆ ಅಲ್ಲಿಂದ ಕದಲಲಿಲ್ಲ. ಅವತ್ತಿನಿಂದ ಬಚ್ಚಲಲ್ಲಿ ಮೊಳೆಗೆ ಒಂದು ಕತ್ತರಿ ನೇತುಹಾಕಿದ್ದೇನೆ, ಇಗೋ. ಕೊಡುಬಳೆ, ಚಕ್ಕುಲಿ ತಿನ್ನುತ್ತೇನೆ, ಆದರೆ ಕೈಯಲ್ಲಿ ಮುರಿದು ದವಡೆ ಹಲ್ಲಿಗೆ ಹಾಕುತ್ತೇನೆ. ಸಂಕ್ರಾಂತಿಗೆ ಕಬ್ಬನ್ನು ಮುಂದಿನ ಹಲ್ಲಲ್ಲಿ ಸಿಗಿಯುವ ಸುಖ ಮಾತ್ರ ಹೋಯಿತು. ಅದಕ್ಕೆ ನಿಜವಾಗಿ ಬೇಜಾರಿದೆ.

ಆದರೆ ಹಗಲಿನ ಜಾಗ್ರತೆಯೆಲ್ಲಾ ರಾತ್ರಿ ನೀರುಪಾಲಾಗುತ್ತಿತ್ತು. ತೇಪೆ ಹಚ್ಚಿದ ಮೂರೇ ತಿಂಗಳಿಗೆ ಅದೇ ಜಾಗ ಮತ್ತೆ ಸವೆದಿತ್ತು. ಡಾಕ್ಟ್ರಮ್ಮ ತೆಳು ನೀಲಿ ಕಾಗದ ಕಚ್ಚಿಸಿ, ಹಲ್ಲು ಎಲ್ಲಿ ತಾಗುತ್ತಿದೆ ನೋಡಿದರು. ಬೆಳಗ್ಗೆ ಎದ್ದಾಗ ದವಡೆ ನೋಯುತ್ತಾ ಅಂತ ಕೇಳಿದರು. ನೋಯುತ್ತಿತ್ತು. ದಿಂಬು ಸರಿ ಇಲ್ಲ ಅಂದುಕೊಂಡಿದ್ದೆ. ಮನೆಗೆ ಬಂದು ತಮ್ಮನನ್ನು ಕೇಳಿದರೆ, "ಅಕ್ಕಾ, ನೀನು ಹಲ್ಲು ಕಡಿಯೋದು ನಮ್ಮ ರೂಮಿಗೂ ಕೇಳುತ್ತೆ" ಅಂದ. ಇಷ್ಟು ದಿನ ಯಾಕೋ ಹೇಳಲಿಲ್ಲ ಅಂದರೆ, ಇಲಿ ಇರಬಹುದು ಅಂದುಕೊಂಡಿದ್ದನಂತೆ.

ಅದಕ್ಕೇ ಈ ನೈಟ್ ಗಾರ್ಡ್. ಹಲ್ಲಿನ ಅಳತೆ ತೆಗೆದು ಮಾಡಿದ ಪ್ಲಾಸ್ಟಿಕ್ ಕವಚ. ಕಡಿಯುವುದು ನಿಲ್ಲುವುದಿಲ್ಲ, ಆದರೆ ಹಲ್ಲಿನ ಬದಲು ಇದು ಸವೆಯುತ್ತದೆ. ಮೊದಲ ನಾಲ್ಕು ರಾತ್ರಿ ಜೊಲ್ಲು ಸುರಿಯಿತು, ಐದನೇ ರಾತ್ರಿಯಿಂದ ಅಭ್ಯಾಸವಾಯಿತು. ಸದ್ಯಕ್ಕೆ ಹಲ್ಲು ಉಳಿದಿರುವುದು ಮುಖ್ಯವಾಗಿ ಇದರಿಂದಲೇ ಅಂತ ನನ್ನ ಲೆಕ್ಕ.

ಈಗ ನೀವು ನೋಡುತ್ತಿರುವುದು ಎರಡನೇ ಗಾರ್ಡ್. ಮೊದಲನೆಯದನ್ನು ನಾನೇ ಕೊಂದೆ. ಚೆನ್ನಾಗಿ ಶುದ್ಧವಾಗಲಿ ಅಂತ ಹಂಡೆಯಿಂದ ಕುದಿಯುವ ನೀರು ಮೊಗೆದು ಅದರಲ್ಲಿ ಹಾಕಿದೆ. ತೆಗೆದರೆ ಬಾಡಿದ ವೀಳ್ಯದೆಲೆ ಹಾಗೆ ಸುರುಟಿತ್ತು. ಅಜ್ಜಿ ಪಡಸಾಲೆಯಲ್ಲಿ ಕೂತು ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದರು. ಅವರ ಹಲ್ಲು ಸೆಟ್ಟಿಗೆ ಈಗ ಒಂಬತ್ತು ವರ್ಷ. ನನ್ನ ಕೈಯಲ್ಲಿದ್ದದ್ದನ್ನು ನೋಡಿ, "ಬಿಸಿನೀರಿಗೆ ಹಾಕಿದ್ಯಾ? ಅದು ಹಲ್ಲಲ್ಲ ಕಣೇ, ಸಾಮಾನು. ಸಾಮಾನನ್ನ ಸಾಮಾನಿನ ಹಾಗೆ ನೋಡ್ಕೋಬೇಕು" ಅಂದರು.

ಒಂಬತ್ತು ವರ್ಷ ಅಜ್ಜಿ ಮಾಡಿದ್ದು ಇಷ್ಟೇ. ಅಡಿಕೆ ಕಚ್ಚುವುದಿಲ್ಲ, ಕುಟ್ಟಿ ತಿನ್ನುತ್ತಾರೆ. ತಿಂದ ಮೇಲೆ ಬಾಯಿ ತೊಳೆಯುತ್ತಾರೆ. ರಾತ್ರಿ ಸೆಟ್ಟು ತೆಗೆದು ಮೆತ್ತನೆ ಬ್ರಶ್ಶಿನಲ್ಲಿ ಉಜ್ಜಿ ತಣ್ಣೀರಲ್ಲಿ ಇಡುತ್ತಾರೆ. ಬೀಳಿಸಿದರೂ ಒಡೆಯಬಾರದು ಅಂತ ತೊಳೆಯುವಾಗ ಕೆಳಗೆ ನೀರು ತುಂಬಿದ ಬೋಗುಣಿ. ನಾನು ಎರಡು ಸಲ ದುಡ್ಡು ಕೊಟ್ಟು ಕಲಿತದ್ದು ಪಕ್ಕದ ಕೋಣೆಯಲ್ಲೇ ಇತ್ತು.

ನನ್ನದಕ್ಕೆ ಹೆಚ್ಚಿಗೆ ಬೇಕಾದದ್ದು ದಾರ ಒಂದೇ. ಫ್ಲಾಸ್. ಹಲ್ಲುಗಳ ಸಂದಿಯಲ್ಲಿ ಅಂಟು ಮುಗಿಯುವ ಅಂಚಿನಲ್ಲಿ ಕೊಳೆ ನಿಂತರೆ ಅಡಿಯ ನಿಜವಾದ ಹಲ್ಲು ಹುಳುಕಾಗುತ್ತದೆ. ಅಂಟಿಗೆ ಹುಳುಕು ಬರುವುದಿಲ್ಲ, ಹಲ್ಲಿಗೆ ಬರುತ್ತದೆ. ರಾತ್ರಿ ಮಲಗುವ ಮುಂಚೆ ಹಾಕುತ್ತೇನೆ, ಹಾಕಿದ ಮೇಲೆ ದಾರವನ್ನು ಟಪ್ಪಂತ ಕೆಳಗೆ ಎಳೆಯದೆ ಪಕ್ಕದಿಂದ ಜಾರಿಸಿ ತೆಗೆಯುತ್ತೇನೆ. ಆರು ತಿಂಗಳಿಗೊಮ್ಮೆ ತೋರಿಸಲು ಹೋಗುತ್ತೇನೆ. ಮುಂದಿನದು ಬರುವ ಸೋಮವಾರ, ಹಂಗೇ ಪಾಲಿಶ್ ಕೂಡ.

ಕಿಟಕಿ ಕಟ್ಟೆ ಮೇಲೆ ಎರಡು ಡಬ್ಬಿ ಇವೆ ನೋಡಿ. ಒಂದು ಅಜ್ಜಿಯದು, ಒಂದು ನನ್ನದು. ಎರಡೂ ನೀಲಿ, ಒಂದೇ ಅಂಗಡಿಯವು. ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು, ಕತ್ತಲಲ್ಲಿ ಕೈ ಹಾಕಿದೆ. ತೆಗೆದು ಬಾಯಿಯ ತನಕ ತಂದೆ. ಅಷ್ಟರಲ್ಲಿ ಅಜ್ಜಿ ಹಾಸಿಗೆಯಿಂದಲೇ ಕೂಗಿದರು: "ಕೂಸೇ, ಅದು ನಂದು!"