ಕಾಲುಸಂಕ ಕೇಳಲು ಸಭೆಗೆ ಬಂದ ಮಕ್ಕಳು

[ದೃಶ್ಯ: ಉಡುಪಿ ಜಿಲ್ಲೆಯ ಒಂದು ಪಂಚಾಯತ್ ಸಭಾಂಗಣ. ಸಾಲು ಕುರ್ಚಿ, ಹೆಚ್ಚಿನವು ಖಾಲಿ.]

"ಓಟು ಹಾಕಿ ಎಂತ ಪ್ರಯೋಜನ ಮಾರಾಯ್ರೆ, ಯಾರು ಬಂದ್ರೂ ಅಷ್ಟೇ." ನಿಮ್ಮಲ್ಲಿ ತುಂಬಾ ಜನ ಹೀಗೆ ಬರೆದಿದ್ದೀರಿ. ಈ ಬೇಸರ ಸುಳ್ಳಲ್ಲ. ಹಾಗಾದ್ರೆ ಎರಡು ಓಟಿನ ನಡುವಿನ ಐದು ವರ್ಷ ನಮ್ಮ ಕೈಲಿ ಎಂತ ಉಂಟು?

ಬೇಗ ಹೇಳಿಬಿಡ್ತೇನೆ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಊರಿನ ಮತದಾರರೆಲ್ಲ ಗ್ರಾಮಸಭೆಯ ಸದಸ್ಯರು. ಆರು ತಿಂಗಳಿಗೊಮ್ಮೆಯಾದ್ರೂ ಸಭೆ ಸೇರಲೇಬೇಕು. ಅದಕ್ಕೆ ಮೊದಲು ವಾರ್ಡ್ ಸಭೆ, ಅಂದ್ರೆ ಒಂದೊಂದು ವಾರ್ಡಿನ ಮತದಾರರ ಸಭೆ. ಮುಂದೆ ಹೋಗುವ.

[ದೃಶ್ಯ: ಮಳೆಗಾಲದ ತೋಡು (ಸಣ್ಣ ಹಳ್ಳ), ಅಡಿಕೆ ಮರದ ಸಂಕ.]

ಇದು ನನ್ನನ್ನು ಹಿಡಿದು ನಿಲ್ಲಿಸಿದ ಕಥೆ. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಮಕ್ಕಳದ್ದೇ ಒಂದು ಪಂಚಾಯತ್ ಶುರುವಾಯ್ತು. ಈ ಭಾಗದ ಮಕ್ಕಳು ದೊಡ್ಡವರ ಮುಂದಿಟ್ಟ ಬೇಡಿಕೆಗಳಲ್ಲಿ ಒಂದು, ಕಾಲುಸಂಕ. ಅಂದ್ರೆ ತೋಡು ನಡೆದು ದಾಟುವ ಸಣ್ಣ ಸೇತುವೆ.

ಊರವರು ಹಾಕಿಕೊಳ್ಳುವ ಮರದ ಸಂಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿಯಲಿಕ್ಕೆ ಒಂದು ಬಿದಿರು. ಜುಲೈಯಲ್ಲಿ ಪಾಚಿ ಕಟ್ಟಿ ಜಾರ್ತದೆ. ದೊಡ್ಡವರು ನಾಲ್ಕು ಹೆಜ್ಜೆಯಲ್ಲಿ ದಾಟ್ತಾರೆ. ಒಂದನೇ ಕ್ಲಾಸಿನ ಮಗುವಿಗೆ ಎಂಟು ಹೆಜ್ಜೆ. ಬೆನ್ನಲ್ಲಿ ಚೀಲ, ಒಂದು ಕೈಲಿ ಕೊಡೆ, ಇನ್ನೊಂದು ಕೈಗೆ ಬಿದಿರು ಎಟುಕುವುದಿಲ್ಲ. ದಿನಾ ಅದೇ ಸಂಕ ದಾಟುವ ದೊಡ್ಡವರಿಗೆ ಇದು ಕಾಣಲೇ ಇಲ್ಲ! ಮಕ್ಕಳು ಬಂದು ಹೇಳಬೇಕಾಯ್ತು. "ಅಭಿವೃದ್ಧಿ ಬೇಕು" ಅಂತಲ್ಲ, "ಈ ತೋಡಿಗೆ, ಈ ಜಾಗದಲ್ಲಿ ಗಟ್ಟಿ ಸಂಕ ಬೇಕು" ಅಂತ. ಅಷ್ಟು ಸ್ಪಷ್ಟವಾಗಿ ಕೇಳಿದ್ದನ್ನು ತಳ್ಳಿಹಾಕುವುದು ಕಷ್ಟ.

2006ರಲ್ಲಿ ಸರ್ಕಾರವೇ ಎಲ್ಲ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಸುತ್ತೋಲೆ ಹೊರಡಿಸಿತು. ನಮ್ಮ ಕುಂದಾಪುರದ ಕಡೆಯಿಂದ ಹೊರಟದ್ದು ಇಡೀ ರಾಜ್ಯಕ್ಕೆ ಹೋಯ್ತು. ನನಗೆ ಇದು ತುಂಬಾ ಹೆಮ್ಮೆಯ ವಿಷಯ.

ಸಮಯ ಆಗ್ತಾ ಬಂತು, ಮಂಗಳೂರಿನವರಿಗೆ ಚುಟುಕಾಗಿ: ಪಾಲಿಕೆಯಲ್ಲಿ 60 ವಾರ್ಡ್. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರಗಳಿಗೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯೇ ಹೇಳ್ತದೆ. ಚರಂಡಿ, ಕಸ, ಬೀದಿದೀಪ ಕೇಳುವ ಜಾಗ ಅದು. ನಿಮ್ಮ ವಾರ್ಡಿನ ಸಮಿತಿ ಯಾವಾಗ ಸೇರ್ತದೆ ಅಂತ ವಿಚಾರಿಸಿ.

ಹಳ್ಳಿಯವರು ಸಭೆಗೆ ಹೋಗುವಾಗ ಕಳೆದ ಸಭೆಯ ನಡಾವಳಿಯ ಪ್ರತಿ ಕೇಳಿ ತೆಗೆದುಕೊಂಡು ಹೋಗಿ. ನಿಮ್ಮ ತೋಡಿನ ಹೆಸರು ಅದರಲ್ಲಿ ಉಂಟಾ ನೋಡಿ. ಇದ್ರೆ, "ಇದು ಎಲ್ಲಿಗೆ ಬಂತು?" ಅಂತ ಎದ್ದು ನಿಂತು ಕೇಳಿ. ಉತ್ತರವನ್ನೂ ನಡಾವಳಿಯಲ್ಲಿ ಬರೆಸಿ.