ಸೂಪರ್‌ಮ್ಯಾನ್‌ನನ್ನು ಮರದಲ್ಲಿ ಕೆತ್ತುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಮೊದಲು ಪರದೆ ಮೇಲಿರುವ ಚಿತ್ರ ನೋಡಿ. 1938ರಲ್ಲಿ ಬಂದ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಮುಖಪುಟ ಇದು. ಬರೆದವರು ಜೋ ಶುಸ್ಟರ್. ಸೂಪರ್‌ಮ್ಯಾನ್ ಹಸಿರು ಕಾರೊಂದನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತಿದ್ದಾನೆ. ಎಡಗಡೆ ಕೆಳಮೂಲೆಯಲ್ಲಿ ಒಬ್ಬ ತಲೆ ಹಿಡಿದುಕೊಂಡು ನಮ್ಮ ಕಡೆಗೇ ಓಡಿ ಬರುತ್ತಿದ್ದಾನೆ. ಇದನ್ನು ಎಷ್ಟು ಕಲಾವಿದರು ತಮ್ಮದೇ ರೀತಿಯಲ್ಲಿ ಮತ್ತೆ ಬರೆದಿದ್ದಾರೋ ಲೆಕ್ಕವಿಲ್ಲ.

ಇಂಥ ಚಿತ್ರಗಳನ್ನು ಬೇರೆ ಕಾಲದ ಶೈಲಿಯಲ್ಲಿ ಬರೆಯುವುದು ನನಗೆ ತುಂಬ ಇಷ್ಟದ ವಿಷಯ. ಆದರೆ ಬಹಳ ಜನ ಬಟ್ಟೆ ಬದಲಾಯಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಬ್ಯಾಟ್‌ಮ್ಯಾನ್‌ಗೆ ಸಮುರಾಯ್ ಕವಚ ತೊಡಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅಷ್ಟು ಸಾಲದು. ಒಂದು ಕಾಲದ ಚಿತ್ರ ಹಾಗೇ ಯಾಕೆ ಕಾಣುತ್ತದೆ ಎಂದು ಹುಡುಕುತ್ತಾ ಹೋದರೆ ಕಾಗದ, ಶಾಯಿ, ಉಳಿ, ಬೆಲೆ ಎಲ್ಲವೂ ಸಿಗುತ್ತವೆ. ಶೈಲಿ ಹುಟ್ಟುವುದು ಅಲ್ಲಿ.

ಈ ಮುಖಪುಟವನ್ನೇ ತೆಗೆದುಕೊಳ್ಳಿ. ಆ ಪುಸ್ತಕದ ಬೆಲೆ 10 ಸೆಂಟ್. ಒಳಪುಟಗಳಿಗೆ ಅಗ್ಗದ ನ್ಯೂಸ್‌ಪ್ರಿಂಟ್, ಬಣ್ಣಕ್ಕೆ ನಾಲ್ಕೇ ಶಾಯಿ. ಅಂಥ ಕಾಗದದ ಮೇಲೆ ನವಿರಾದ ನೆರಳು ನಿಲ್ಲುವುದಿಲ್ಲ, ಕಲಸಿಹೋಗುತ್ತದೆ. ಹಾಗಾಗಿ ದಪ್ಪ ಕಪ್ಪು ಗೆರೆ, ಅದರೊಳಗೆ ಒಂದೇ ಸಮನಾದ ಬಣ್ಣ. ಸೂಪರ್‌ಮ್ಯಾನ್‌ನ ಕೆಂಪು, ನೀಲಿ, ಹಳದಿ ಈ ಮುದ್ರಣಕ್ಕೆ ಚೆನ್ನಾಗಿ ಒಗ್ಗಿದವು.

ಈಗ ಆ ಮುಖಪುಟದ ಕಾಲದಿಂದ ಸುಮಾರು ನೂರು ವರ್ಷ ಹಿಂದಕ್ಕೆ, ಎಡೋ ನಗರಕ್ಕೆ ಹೋಗೋಣ. ಇವತ್ತಿನ ಟೋಕಿಯೊ. 1827ರ ಸುಮಾರಿಗೆ ಉತಗಾವ ಕುನಿಯೋಶಿ ಎಂಬ ಕಲಾವಿದ ಚೀನಾದ ಹಳೆಯ ಕಾದಂಬರಿಯೊಂದರ 108 ವೀರರನ್ನು ಮರದಚ್ಚಿನ ಚಿತ್ರಗಳಾಗಿ ಬರೆಯಲು ಶುರು ಮಾಡಿದ. ಅಲ್ಲೂ ಅಷ್ಟೇ: ಸಾಮಾನ್ಯ ಜನ ಕೊಳ್ಳುವ ಅಗ್ಗದ ಚಿತ್ರ, ಕಪ್ಪು ಗೆರೆ, ಸಮನಾದ ಬಣ್ಣ, ಮೈತುಂಬ ಬಲವಿರುವ ನಾಯಕ.

ಈ ಸರಣಿಯ ಚೋಜುನ್‌ನನ್ನು ಸ್ವಲ್ಪ ಹೊತ್ತು ನೋಡೋಣ. ಕತ್ತಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಾನೆ. ನೀರುಬಾಗಿಲಿನ ಕಂಬಿಗಳ ನಡುವೆ ನುಗ್ಗಿ ಬರುತ್ತಿದ್ದಾನೆ. ಇದು ಯಾವ ಸೂಪರ್‌ಹೀರೋ ಮುಖಪುಟಕ್ಕೆ ಕಡಿಮೆ ಹೇಳಿ? ಮೈಮೇಲಿನ ಹಚ್ಚೆಯನ್ನೂ ಗಮನಿಸಿ. ಬಟ್ಟೆ ಕಳಚಿದ್ದರೂ ಮೈತುಂಬ ಬಣ್ಣ, ವಿನ್ಯಾಸ. ಆ ಬಣ್ಣದ ಅಡಿಯಲ್ಲಿ ಸ್ನಾಯುಗಳು ಎದ್ದು ಕಾಣುತ್ತವೆ. ಸೂಪರ್‌ಹೀರೋಗಳ ಮೈಗಂಟಿದ ಉಡುಪು ಮಾಡುವ ಕೆಲಸವೂ ಅದೇ ಅಲ್ವಾ? ಹಾಗಾಗಿ ಸ್ಪೈಡರ್‌ಮ್ಯಾನ್‌ನನ್ನು ಎಡೋ ಶೈಲಿಗೆ ತರುವವರಿಗೆ ಕಿಮೋನೋ ಬೇಕಿಲ್ಲ. ಆ ಜೇಡರ ಬಲೆಯನ್ನು ಹಚ್ಚೆಯಾಗಿ ಬರೆಯಲಿ. ಎರಡೂ ಕಾಲಗಳು ಅಲ್ಲಿ ಸಹಜವಾಗಿ ಕೂಡುತ್ತವೆ.

ಮರದಚ್ಚಿನಲ್ಲಿ ಪ್ರತಿ ಬಣ್ಣಕ್ಕೂ ಪ್ರತ್ಯೇಕ ಹಲಗೆ ಕೆತ್ತಬೇಕು. ಚೆರ್ರಿ ಮರದ ಗಟ್ಟಿ ಹಲಗೆ. ಮೊದಲು ಗೆರೆಗಳ ಹಲಗೆ, ಆಮೇಲೆ ಬಣ್ಣದವು. ಕಾಗದ ಪ್ರತಿ ಸಲವೂ ಅದೇ ಜಾಗಕ್ಕೆ ಕೂರಲು ಹಲಗೆಯ ಅಂಚಿನಲ್ಲಿ ಗುರುತು ಕೆತ್ತಿರುತ್ತಾರೆ. ಆಕಾಶ ಮೇಲಿಂದ ಕೆಳಕ್ಕೆ ತಿಳಿಯಾಗಬೇಕೆಂದರೆ ಅಚ್ಚು ಹಾಕುವವನು ಹಲಗೆಯ ಮೇಲೇ ಬಣ್ಣವನ್ನು ತಿಳಿಯಾಗಿ ಹರಡಬೇಕು. ಪ್ರತಿ ಪ್ರತಿಗೂ ಹೊಸದಾಗಿ.

ಫಿಲ್ಟರ್ ಒತ್ತಿ ತೆಗೆದ ಚಿತ್ರದಲ್ಲಿ ಇದ್ಯಾವುದೂ ಇರುವುದಿಲ್ಲ. ಫಿಲ್ಟರ್ ಮರದ ನಾರಿನ ಗುರುತನ್ನು ಮುಖ, ಗೆರೆ, ಆಕಾಶ ಎಲ್ಲದರ ಮೇಲೂ ಒಂದೇ ಸಮ ಹರಡಿಬಿಡುತ್ತದೆ. ನಿಜವಾದ ಅಚ್ಚಿನಲ್ಲಿ ನಾರು ಕಾಣಿಸಿದರೆ ಅದು ಮುಖ್ಯವಾಗಿ ಅಗಲವಾದ ಬಣ್ಣದ ಜಾಗದಲ್ಲಿ.

ಒಳ್ಳೆಯ ಉದಾಹರಣೆಗಳೂ ಇವೆ. 2012ರಲ್ಲಿ ಜೆಡ್ ಹೆನ್ರಿ ವಿಡಿಯೋ ಗೇಮ್ ಪಾತ್ರಗಳನ್ನು ಎಡೋ ಶೈಲಿಯಲ್ಲಿ ಬರೆದಾಗ, ಟೋಕಿಯೊದ ಡೇವಿಡ್ ಬುಲ್ ಅವನ್ನು ನಿಜವಾಗಿಯೂ ಮರದಲ್ಲಿ ಕೆತ್ತಿ ಅಚ್ಚು ಹಾಕಿದರು. ಸೂಪರ್‌ಹೀರೋಗಳ ಕಡೆಗೆ ಬಂದರೆ, 2003ರಲ್ಲಿ ಮಾರ್ವೆಲ್ ತನ್ನ ನಾಯಕರನ್ನು ಒಂದನೇ ಎಲಿಜಬೆತ್ ರಾಣಿಯ ಇಂಗ್ಲೆಂಡಿಗೆ ಕಳಿಸಿತು. '1602' ಅಂತ ಆ ಕಥೆಯ ಹೆಸರು. ಅದರ ಮುಖಪುಟಗಳನ್ನು ಸ್ಕಾಟ್ ಮೆಕ್‌ಕೊವೆನ್ ಸ್ಕ್ರ್ಯಾಚ್‌ಬೋರ್ಡ್‌ನಲ್ಲಿ ಮಾಡಿದರು. ಬಿಳಿ ಜೇಡಿ ಬಳಿದ ರಟ್ಟು, ಅದರ ಮೇಲೆ ಕಪ್ಪು ಶಾಯಿ. ಚೂಪಾದ ಬ್ಲೇಡಿನಿಂದ ಕೆರೆದಲ್ಲೆಲ್ಲ ಬಿಳಿ ಗೆರೆ ಏಳುತ್ತದೆ. ಕತ್ತಲೆಯಿಂದ ಶುರು ಮಾಡಿ ಬೆಳಕನ್ನು ಕೆರೆದು ತೆಗೆಯುವ ಕೆಲಸ ಇದು. ಹಳೆಯ ಇಂಗ್ಲಿಷ್ ಪುಸ್ತಕಗಳ ಕೆತ್ತನೆ ಚಿತ್ರಗಳ ಗತ್ತು ಆ ಮುಖಪುಟಗಳಿಗೆ ಬಂದದ್ದು ಉಡುಪಿಗಿಂತ ಜಾಸ್ತಿ ಆ ಗೆರೆಗಳಿಂದಲೇ.

ಇಲ್ಲಿ ಚಿತ್ರ ಬರೆಯುವವರು ತುಂಬ ಜನ ಇದ್ದೀರಿ. ಒಂದು ಕೆಲಸ ಕೊಡುತ್ತೇನೆ. ಶುಸ್ಟರ್ ಅವರ ಇದೇ ಮುಖಪುಟ ತೆಗೆದುಕೊಳ್ಳಿ. ನಿಮಗೆ ನಾಲ್ಕೇ ಹಲಗೆ: ಕಪ್ಪು, ಕೆಂಪು, ನೀಲಿ, ಹಳದಿ. ಕಾರಿಗೆ ಹಸಿರು ಬೇಕಾದರೆ ಹಳದಿಯ ಮೇಲೆ ನೀಲಿ ಹಾಕಬೇಕು. ಆಗ ಸೂಪರ್‌ಮ್ಯಾನ್ ಉಡುಪಿನ ನೀಲಿ ಎಷ್ಟು ಗಾಢ ಇರಬೇಕು? ಮೊದಲು ಅದನ್ನು ತೀರ್ಮಾನಿಸಿ. ಪೆನ್ಸಿಲ್ ಆಮೇಲೆ ಹಿಡಿಯಿರಿ.