ಬಾವಿ ಉಪ್ಪಾಗುವುದು ಮಾರಿದವರಿಗೆ ಗೊತ್ತಿತ್ತು

ನಮಸ್ಕಾರ. ಇವತ್ತಿನ ಮಾತು ಒಂದು ಬಾವಿಯದು.

ನಮ್ಮ ಭಾವ ಕಾರವಾರದ ಹತ್ತಿರ, ಕಾಳಿ ನದಿ ಕಡೆ ಒಂದು ಹಂಚಿನ ಮನೆ ತಗೊಂಡರು. ನೋಡಲು ಹೋಗಿದ್ದು ಡಿಸೆಂಬರಿನಲ್ಲಿ. ಬಾವಿ ತುಂಬ ನೀರು. ಒಂದು ಕೊಡ ಸೇದಿ ಕುಡಿದೂ ನೋಡಿದರು, ಸಿಹಿ. ಏಪ್ರಿಲ್ ಬಂತು, ಅದೇ ನೀರು ಬಾಯಿಗೆ ಹಾಕಲು ಆಗದಷ್ಟು ಉಪ್ಪು. ಪಕ್ಕದ ಮನೆ ಅಮ್ಮ ಕೇಳಿದರು, "ಪ್ರತಿ ವರ್ಷ ಹೀಗೇ ಅಲ್ವಾ? ಮುಂಚಿನವರು ಶಿವರಾತ್ರಿ ಕಳೆದ ಮೇಲೆ ಟ್ಯಾಂಕರ್ ತರಿಸುತ್ತಿದ್ದರು. ನಿಮಗೆ ಹೇಳಲಿಲ್ವಾ?"

ಮಾರಿದವರಿಗೆ ಫೋನ್ ಮಾಡಿದರೆ ಒಂದೇ ಉತ್ತರ: "ನೀವೇ ನೋಡಿ ತಗೊಂಡಿದ್ದಲ್ವಾ?"

ಈ ಮಾತಿಗೇ ನನಗೆ ಸಿಟ್ಟು ಬರುವುದು. ಕೇಳಿದವರು ಸುಮ್ನೆ ತಲೆ ತಗ್ಗಿಸಿ ಬರುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ನೋಡಿ. ಬೇರೆ ಕರಾರು ಇಲ್ಲದಿದ್ದರೆ, ಮಾರುವವರಿಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ. ಮನೆಯ ದೋಷಕ್ಕೂ ಅಷ್ಟೇ, ಹಕ್ಕಿನ ದೋಷಕ್ಕೂ ಅಷ್ಟೇ. ಶಿರಸಿ ಕಡೆ ಅರಣ್ಯ ಅತಿಕ್ರಮಣದ ಜಾಗವನ್ನು ಬಾಯಿ ಮುಚ್ಚಿಕೊಂಡು ಮಾರಿದರೂ ಇದೇ ಪ್ರಶ್ನೆ ಬರುತ್ತದೆ.

"ಸಾಮಾನ್ಯ ಎಚ್ಚರ" ಅನ್ನುವುದರಲ್ಲೇ ಕೇಸು ನಿಂತಿದೆ. ಗೋಡೆಯ ಬಿರುಕು ಎದುರಿಗೇ ಇತ್ತು, ಇಸಿ, ಅಂದರೆ ಆಸ್ತಿಯ ಋಣಭಾರ ಪತ್ರ, ತೆಗೆಸಿದ್ದರೆ ಸಾಲ ಕಾಣುತ್ತಿತ್ತು ಅಂತಾದರೆ ಗೆಲ್ಲುವುದು ಕಷ್ಟ. ಆದರೆ ನಮ್ಮ ಕರಾವಳಿಯಲ್ಲಿ ದೋಷಕ್ಕೂ ಕಾಲ ಇದೆ. ಬೇಸಿಗೆಯಲ್ಲಿ ನೋಡಿದ ಮನೆಗೆ ಆಷಾಢದಲ್ಲಿ ನೀರು ನುಗ್ಗುತ್ತದೆ. ಚಳಿಗಾಲದ ಬಾವಿ ಬೇಸಿಗೆಗೆ ಉಪ್ಪಾಗುತ್ತದೆ. ಡಿಸೆಂಬರಿನಲ್ಲಿ ನೋಡಿದವರಿಗೆ ಏಪ್ರಿಲ್ ಕಾಣುವುದು ಹೇಗೆ? ವರ್ಷಗಟ್ಟಲೆ ಅಲ್ಲೇ ಇದ್ದವರಿಗೆ ಮಾತ್ರ ಗೊತ್ತು.

ದಾರಿ ಏನು? ಮೊದಲು ವಕೀಲರ ನೋಟಿಸ್. ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳಬಹುದು, ಇಲ್ಲವೇ ಕ್ರಯಪತ್ರವನ್ನೇ ರದ್ದು ಮಾಡಿಸಲು ದಾವೆ ಹಾಕಬಹುದು. ರದ್ದತಿಗೆ ಅವಧಿ 3 ವರ್ಷ. ಮೋಸ ಗೊತ್ತಾದ ದಿನದಿಂದ ಲೆಕ್ಕ, ರಿಜಿಸ್ಟ್ರೇಷನ್ ದಿನದಿಂದ ಅಲ್ಲ. ಆದರೂ ತಡ ಮಾಡಬೇಡಿ. ಗೊತ್ತಾದ ಮೇಲೂ ವರ್ಷಗಟ್ಟಲೆ ಸುಮ್ಮನಿದ್ದರೆ ಎದುರಿನವರಿಗೆ ಅದೇ ಅಸ್ತ್ರ.

ರೇರಾಗೆ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯಡಿ, ದೂರು ಕೊಡಿ ಅಂತ ತುಂಬಾ ಜನ ಹೇಳುತ್ತಾರೆ. ಅದು ಬಿಲ್ಡರ್‌ಗಳಿಗೆ. ಅವರ ಕಟ್ಟಡದಲ್ಲಿ ದೋಷ ಇದ್ದರೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದರೆ, ಖರ್ಚಿಲ್ಲದೆ ಸರಿಮಾಡಿ ಕೊಡಬೇಕು. ಒಬ್ಬರ ಹಳೆ ಮನೆ ಇನ್ನೊಬ್ಬರು ತಗೊಂಡರೆ ಅದು ಬರುವುದಿಲ್ಲ.

ಭಾವ ಬಾವಿ ನೀರನ್ನು ಪರೀಕ್ಷೆಗೆ ಕೊಟ್ಟಿದ್ದಾರೆ. ಹಿಂದಿನ ಬೇಸಿಗೆಗಳಲ್ಲಿ ಆ ಮನೆಗೆ ನೀರು ತಂದ ಟ್ಯಾಂಕರಿನವರನ್ನೂ ಹುಡುಕಿದ್ದಾರೆ. ಪಕ್ಕದ ಮನೆ ಅಮ್ಮ, "ಕೋರ್ಟಿಗೆ ಬೇಕಾದರೂ ಬಂದು ಹೇಳುತ್ತೇನೆ" ಅಂದಿದ್ದಾರೆ. ನೋಟಿಸ್ ಸೋಮವಾರ ಹೋಗುತ್ತದೆ.